ಉಸಿರನ್ನು ಎಣಿಸಿಯೇ ಬರೆಯಿರಿ

ಪ್ರಶ್ನೆ: ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೊದಲ ವರ್ಷದ ವಿದ್ಯಾರ್ಥಿನಿ. ವಾರ್ಡ್ ಪೋಸ್ಟಿಂಗ್ ಶುರುವಾಗಿದೆ. ಟಿಪಿಆರ್ ಚಾರ್ಟ್ (ಜ್ವರ, ಪಲ್ಸ್, ಉಸಿರಾಟ ಬರೆಯುವ ಹಾಳೆ) ತಿರುವಿದರೆ ಹೆಚ್ಚುಕಮ್ಮಿ ಎಲ್ಲ ರೋಗಿಗಳಿಗೂ ಉಸಿರಾಟ 20 ಅಂತಲೇ ಬರೆದಿದೆ. ಎಲ್ಲರೂ ಒಂದೇ ಲೆಕ್ಕದಲ್ಲಿ ಉಸಿರಾಡುತ್ತಾರಾ? ನಾನು ಎಣಿಸುತ್ತಾ ನಿಂತರೆ ಟೈಮ್ ಹಾಳು ಅಂತ ಸೀನಿಯರ್‌ಗಳು ಬೈಯುತ್ತಾರೆ.
– ವಿದ್ಯಾರ್ಥಿನಿ, ಹಾವೇರಿ

ಉತ್ತರ: ಇಲ್ಲ ತಂಗಿ, ಎಲ್ಲರೂ 20 ಉಸಿರಾಡುವುದಿಲ್ಲ. ನಿಮಗೆ ಬಂದ ಅನುಮಾನ ಸರಿಯಾಗಿದೆ, ಅದನ್ನು ಬಿಡಬೇಡಿ.

ಆರೋಗ್ಯವಾಗಿರುವ ದೊಡ್ಡವರ ಉಸಿರಾಟ ನಿಮಿಷಕ್ಕೆ 12ರಿಂದ 20. ಜ್ವರ, ಪಲ್ಸ್, ಬಿಪಿ ಇವನ್ನೆಲ್ಲ ಯಂತ್ರವೇ ಹೇಳಿಬಿಡುತ್ತದೆ. ಉಸಿರನ್ನು ಮಾತ್ರ ಸಾಮಾನ್ಯ ವಾರ್ಡ್‌ನಲ್ಲಿ ನಾವೇ ನಿಂತು ಎಣಿಸಬೇಕು, ಅದಕ್ಕೇ ಅದು ಚಾರ್ಟ್‌ನಲ್ಲಿ ಸುಮ್ನೆ ತುಂಬುವ ಅಂಕಿಯಾಗಿಬಿಟ್ಟಿದೆ. ಆದರೆ ರೋಗಿ ಕೆಡುತ್ತಿರುವಾಗ ಎಷ್ಟೋ ಸಲ ಮೊದಲು ಬದಲಾಗುವುದು ಇದೇ. ಸೋಂಕು ಏರುತ್ತಿರಲಿ, ಶ್ವಾಸಕೋಶದಲ್ಲಿ ಕಫ ತುಂಬುತ್ತಿರಲಿ, ದೇಹ ಮೊದಲು ಉಸಿರನ್ನು ಜಾಸ್ತಿ ಮಾಡಿ ಸಂಭಾಳಿಸಲು ನೋಡುತ್ತದೆ, ಹಾಗೆ ಸಂಭಾಳಿಸುತ್ತಿರುವಷ್ಟು ಹೊತ್ತು ಬೆರಳಿನ ಆಕ್ಸಿಮೀಟರ್ 96 ಅಂತಲೇ ತೋರಿಸುತ್ತಿರುತ್ತದೆ, ಬಿಪಿಯೂ ಸರಿಯಾಗೇ ಇರುತ್ತದೆ.

ನಾನೂ ಇದನ್ನು ತಪ್ಪು ಮಾಡಿಯೇ ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ನೈಟ್ ಡ್ಯೂಟಿ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಅಜ್ಜಿ. ಹಿಂದಿನ ಪಾಳಿಯವರು 20 ಅಂತ ಬರೆದಿದ್ದರು, ನಾನೂ 20 ಬರೆದೆ. ಅಜ್ಜಿ ನೀರು ಕೇಳಿದಾಗ "ಮಗಾ..." ಅಂದು ನಿಲ್ಲಿಸಿ, ಉಸಿರು ತೆಗೆದುಕೊಂಡು, ಆಮೇಲೆ "ನೀರು..." ಅಂದಿದ್ದರು. ಅದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಬೆಳಿಗ್ಗೆ ಡ್ಯೂಟಿಗೆ ಬಂದ ಹಿರಿಯ ಸಿಸ್ಟರ್ ಮಂಚದ ಪಕ್ಕ ನಿಂತು ಎಣಿಸಿದರು. 32. ನ್ಯುಮೋನಿಯಾ. ಐಸಿಯುಗೆ ಹೋದ ಅಜ್ಜಿ ಹುಷಾರಾಗಿ ವಾಪಸ್ ಬಂದರು, ಆದರೆ ಆ 20 ನನ್ನ ಕೈಬರಹದಲ್ಲಿ ಇನ್ನೂ ಕಣ್ಣ ಮುಂದಿದೆ.

ಎಣಿಸುವುದು ಹೀಗೆ. ಪಲ್ಸ್ ನೋಡಿದ ಮೇಲೆ ಮಣಿಕಟ್ಟು ಬಿಡಬೇಡಿ. ಆ ಕೈಯನ್ನು ಹಾಗೇ ಅವರ ಎದೆ ಮೇಲೆ ಇಟ್ಟುಕೊಂಡು, ಇನ್ನೂ ಪಲ್ಸ್ ನೋಡುತ್ತಿರುವವರ ಹಾಗೆ ನಿಂತು, ಎದೆ ಏರಿ ಇಳಿಯುವುದನ್ನು ಎಣಿಸಿ. ಏರಿ ಇಳಿದರೆ ಒಂದು. ಉಸಿರು ಎಣಿಸುತ್ತೇನೆ ಅಂತ ಮಾತ್ರ ಹೇಳಬೇಡಿ, ಹೇಳಿದ ಕೂಡಲೇ ಅವರ ಉಸಿರಾಟವೇ ಬದಲಾಗುತ್ತದೆ. ಆಪರೇಷನ್ ಆದವರು, ಜ್ವರ ಇರುವವರು, ವಯಸ್ಸಾದವರು, ಮಕ್ಕಳು, ಇವರಿಗೆಲ್ಲ ಪೂರ್ತಿ ಒಂದು ನಿಮಿಷ ಎಣಿಸಲೇಬೇಕು. ಉಳಿದವರಿಗೆ ಉಸಿರು ಸಮವಾಗಿದ್ದರೆ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿದರೆ ನಡೆಯುತ್ತದೆ. ಅದೂ ಆಗದಿದ್ದರೆ ಜಾಗ ಖಾಲಿ ಬಿಡಿ. ಖಾಲಿ ಇದ್ದರೆ ಮುಂದಿನ ಪಾಳಿಯವರು ಎಣಿಸುತ್ತಾರೆ, 20 ಅಂತ ಇದ್ದರೆ ಮುಂದಕ್ಕೆ ಹೋಗುತ್ತಾರೆ.

ಸೀನಿಯರ್‌ಗಳು ಕೇಳಿದರೆ ಇದನ್ನೂ ಹೇಳಿ: ನಮ್ಮ ಕಡೆಯ ಎಷ್ಟೋ ನರ್ಸ್‌ಗಳು ಕೆಲಸಕ್ಕೆ ಹೋಗುವ ಬ್ರಿಟನ್ನಿನಲ್ಲಿ 2012ರಿಂದ 'ನ್ಯೂಸ್' ಅನ್ನುವ ಅಂಕದ ಚಾರ್ಟ್ ಇದೆ. ರೋಗಿ ಕೆಡುತ್ತಿರುವುದನ್ನು ಬೇಗ ಹಿಡಿಯಲು ಉಸಿರು, ಪಲ್ಸ್, ಬಿಪಿ ಮುಂತಾದವಕ್ಕೆ ಅಂಕ ಕೊಡುತ್ತಾರೆ, ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಅದರಲ್ಲಿ ಉಸಿರಾಟ 25 ಮುಟ್ಟಿದರೆ ಅದೊಂದಕ್ಕೇ 3 ಅಂಕ, ಬೇರೆಲ್ಲ ಸರಿಯಿದ್ದರೂ ರೋಗಿಯನ್ನು ತುರ್ತಾಗಿ ನೋಡಬೇಕು.

ಪ್ರಶ್ನೆ: ಅಪ್ಪನಿಗೆ ಮನೆಯಲ್ಲೇ ಬಿಪಿ ನೋಡುತ್ತೇನೆ. ಒಂದು ಸಲ 152/90, ಹತ್ತು ನಿಮಿಷಕ್ಕೆ 130/80. ಮಷೀನ್ ಕೆಟ್ಟಿದೆಯಾ?
– ಓದುಗರು, ತುಮಕೂರು

ಉತ್ತರ: ಕೆಟ್ಟಿರಲಿಕ್ಕಿಲ್ಲ. ಮೊದಲ ಸಲ ಅಪ್ಪ ಹೊರಗಿನಿಂದ ಬಂದು ಕೂತಿದ್ದರಾ, ಮಾತಾಡುತ್ತಿದ್ದರಾ ನೆನಪು ಮಾಡಿಕೊಳ್ಳಿ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಮೂತ್ರಕ್ಕೆ ಹೋಗಿ ಬಂದಿರಬೇಕು, ತಡೆದುಕೊಂಡು ಕೂತರೂ ಬಿಪಿ ಏರುತ್ತದೆ. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ನೆ ಕೂರಿಸಿ. ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಿ. ಕಫ್ ಅನ್ನು ಅಂಗಿಯ ತೋಳಿನ ಮೇಲೆ ಸುತ್ತಬೇಡಿ, ಬರಿ ತೋಳಿಗೇ ಸುತ್ತಿ. ಅಪ್ಪನ ತೋಳು ದಪ್ಪವಿದ್ದು ಕಫ್ ಚಿಕ್ಕದಾದರೆ ಇಲ್ಲದ ಬಿಪಿ ಇದ್ದ ಹಾಗೆ ತೋರಿಸುತ್ತದೆ, ಇದು ತುಂಬ ಮನೆಗಳಲ್ಲಿ ಆಗುವ ತಪ್ಪು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಡಯಾಲಿಸಿಸ್‌ಗೆ ಫಿಸ್ಟುಲಾ (ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸುವುದು) ಮಾಡಿರುವ ಕೈಯಾದರೆ ಆ ಕೈಗೆ ಕಫ್ ಸುತ್ತಲೇಬಾರದು. 130 ಬಂತು ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ, ಒಂದು ವಾರದ ಅಂಕಿಗಳನ್ನು ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಮ್ಮ ಅಜ್ಜಿಗೆ 82 ವರ್ಷ. ನಿನ್ನೆಯಿಂದ ಮಂಕಾಗಿದ್ದಾರೆ, ಏನೇನೋ ಮಾತಾಡುತ್ತಾರೆ. ಥರ್ಮಾಮೀಟರ್ 98.2 ತೋರಿಸುತ್ತದೆ, ಪಲ್ಸ್ 76. ವಯಸ್ಸಾಯಿತಲ್ಲ ಅಂತ ಮನೆಯವರು ಅನ್ನುತ್ತಾರೆ.
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಫೋನ್ ಮಾಡಿ ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದೆ. ಬೇರೆ ಮನೆಗಳಿಗೂ ಬೇಕಾಗುತ್ತದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ವಯಸ್ಸು ಒಂದೇ ದಿನದಲ್ಲಿ ಆಗುವುದಿಲ್ಲ ಅಲ್ವಾ? ದಿಢೀರನೆ ಮಂಕಾಗುವುದೇ ಒಂದು ಲಕ್ಷಣ. ವಯಸ್ಸಾದವರಿಗೆ ದೊಡ್ಡ ಸೋಂಕಿದ್ದರೂ ಜ್ವರ ಬಾರದೇ ಇರಬಹುದು. ಬಿಪಿಗೆ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಮಾತ್ರೆಗಳು ಪಲ್ಸ್ ಏರದಂತೆ ತಡೆಯುತ್ತವೆ, ಹಾಗಾಗಿ 76 ನೋಡಿ ಸಮಾಧಾನ ಪಡಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಶುಗರ್ ನೋಡಿ, ಅದು ಇಳಿದರೂ ಹೀಗೇ ಮಾತಾಡುತ್ತಾರೆ. ಗಾಡಿ ಬರುವ ಹೊತ್ತಿಗೆ ಒಂದು ನಿಮಿಷ ಅಜ್ಜಿಯ ಉಸಿರು ಎಣಿಸಿ, ಟೈಮ್ ಸಮೇತ ಚೀಟಿಯಲ್ಲಿ ಬರೆದುಕೊಳ್ಳಿ. ಅವರು ನುಂಗುವ ಮಾತ್ರೆಗಳ ಶೀಟುಗಳನ್ನೆಲ್ಲ ಅದೇ ಚೀಟಿಯ ಜೊತೆ ಒಂದು ಕವರಿಗೆ ಹಾಕಿಕೊಂಡು ಹೊರಡಿ.