ಓದುಗರ ಪ್ರಶ್ನೆ: ನಾಟಿ ಹಂದಿನಾ, ಬಿಳಿ ಹಂದಿನಾ?

ಪ್ರಶ್ನೆ: ಸಾರ್, ಗೋಣಿಕೊಪ್ಪ ಹತ್ರ ನಮ್ದು ಸಣ್ಣ ಕಾಫಿ ತೋಟ. ಹಂದಿ ಸಾಕಿ ನಾವೇ ಮಾಂಸ ಮಾರೋಣ ಅಂತಿದೀವಿ. ನಾಟಿ ಕರಿ ಹಂದಿ ತರೋದಾ ಇಲ್ಲ ಬಿಳಿ ಯಾರ್ಕ್‌ಶೈರ್ ತಳಿದಾ?

ಉತ್ತರ: ಮೊದ್ಲು ಯಾರಿಗೆ ಮಾರ್ತೀರಿ ಅನ್ನೋದು ಗಟ್ಟಿ ಮಾಡ್ಕೊಳಿ. ಅಂಗಡಿಗೆ ತೂಕದ ಲೆಕ್ಕದಲ್ಲಿ ಕೊಡೋದಾದ್ರೆ ಯಾರ್ಕ್‌ಶೈರೇ ಸರಿ, ಚೆನ್ನಾಗಿ ಮೇವು ಹಾಕಿದ್ರೆ ಏಳೆಂಟು ತಿಂಗಳಲ್ಲಿ 90 ಕೆಜಿ ಆಸುಪಾಸು ಬರುತ್ತೆ, ನಾಟಿದು ವರ್ಷ ಕಳೆದ್ರೂ ಅದರ ಅರ್ಧ ತೂಗೋದು ಕಷ್ಟ, ಮರಿನೂ ಕಮ್ಮಿ ಹಾಕುತ್ತೆ. ಆದ್ರೆ ಪಂದಿ ಕರಿಗೆ (ಕೊಡವರ ಹಂದಿ ಸಾರು) ಚರ್ಮ, ಕೊಬ್ಬು ಸಮೇತ ಇರೋ ತುಂಡೇ ಬೇಕಲ್ವಾ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿ ಬೇಯಿಸಿದಾಗ ಆ ರುಚಿ ನಾಟೀಲೇ ಇರೋದು (ನನ್ನ ನಾಲಿಗೆ ಲೆಕ್ಕ ಇದು, ಜಗಳಕ್ಕೆ ಬರ್ಬೇಡಿ). ಕೈಲ್ ಪೊಳ್ದ್, ಪುತ್ತರಿ ಹಬ್ಬದ ಟೈಮಲ್ಲಿ ಹೋಂಸ್ಟೇಗಳಿಗೆ, ಗೊತ್ತಿರೋ ಮನೆಗಳಿಗೆ ಮೊದಲೇ ಆರ್ಡರ್ ತಗೊಂಡು ಜಾಸ್ತಿ ರೇಟು ಕೇಳೋಕಾದ್ರೆ ಮಾತ್ರ ನಾಟಿ ಸಾಕಿ, ಇಲ್ಲಾಂದ್ರೆ ಮೇವಿನ ಖರ್ಚೂ ಹುಟ್ಟಲ್ಲ. ನಡುವಿನ ದಾರಿ ಅಂದ್ರೆ ನಾಟಿ ಹೆಣ್ಣಿಗೆ ಯಾರ್ಕ್‌ಶೈರ್ ಗಂಡು ಬಿಟ್ಟು ಕ್ರಾಸ್ ಮಾಡೋದು. ಬಂಗಾಳದ ಘುಂಗ್ರೂ ತಳಿ ಕೂಡ ದೇಸಿನೇ, ಮರಿ ಜಾಸ್ತಿ ಹಾಕುತ್ತೆ, ಆದ್ರೆ ಅಷ್ಟು ದೂರದಿಂದ ತರೋ ರಿಸ್ಕ್ ಬೇಡ ಅಂತೀನಿ.

ಮಾಂಸಕ್ಕೆ ಬಿಡೋ ಗಂಡುಮರಿಗಳ ಬೀಜ ಚಿಕ್ಕದ್ರಲ್ಲೇ ತೆಗೆಸಿ, ಇಲ್ಲಾಂದ್ರೆ ಮಾಂಸ ವಾಸನೆ ಬರುತ್ತೆ. ಹೋಟೆಲ್ ಮುಸುರೆ ಕುದಿಸದೆ ಹಾಕ್ಲೇಬೇಡಿ, ಆಫ್ರಿಕನ್ ಹಂದಿ ಜ್ವರ ಹೊಕ್ಕಿದ್ರೆ ಔಷಧಿ ಇಲ್ಲ, ಗೂಡೇ ಖಾಲಿ. ಹೊಸ ಮರಿ ತಂದ್ರೆ ತಿಂಗಳು ಬೇರೆ ಕಟ್ಟಿ. ಕಾಡುಹಂದಿ ತೋಟಕ್ಕೆ ಬರುತ್ತಲ್ವಾ, ಬೇಲಿ ಗಟ್ಟಿ ಇರ್ಲಿ.