ಓದುಗರ ಪ್ರಶ್ನೆ, ನಮ್ಮ ಉತ್ತರ: ಐರ್ಲೆಂಡಿನ ಮೇಯೋ ಸುತ್ತುವವರಿಗೆ

ಪ್ರಶ್ನೆ: ಮಗಳು ಡಬ್ಲಿನ್‌ನಲ್ಲಿದ್ದಾಳೆ. ಜೂನ್‌ನಲ್ಲಿ ಅವಳಲ್ಲಿಗೆ ಹೋದಾಗ ನಾವಿಬ್ಬರೇ ನಾಲ್ಕು ದಿನ ಮೇಯೋ ಕೌಂಟಿ ನೋಡಿ ಬರುವ ಆಸೆ. ಕಾರು ಓಡಿಸುವುದಿಲ್ಲ. ಎಲ್ಲಿ ಉಳಿದರೆ ಅನುಕೂಲ? ವೀಸಾ ಬೇರೆ ಬೇಕೆ?
(ಮೈಸೂರು)

ಉತ್ತರ: ನಾಲ್ಕು ರಾತ್ರಿಯೂ ವೆಸ್ಟ್‌ಪೋರ್ಟ್‌ನಲ್ಲೇ ಉಳಿಯಿರಿ, ದಿನಕ್ಕೊಂದು ಊರಿಗೆ ಪೆಟ್ಟಿಗೆ ಹೊರಬೇಡಿ. ಕೌಂಟಿಯ ಮುಖ್ಯ ಪಟ್ಟಣ ಕಾಸಲ್‌ಬಾರ್ ನಿಜ, ಆದರೆ ಅದು ಕಚೇರಿ, ಆಸ್ಪತ್ರೆಗಳ ಊರು. ಡಬ್ಲಿನ್ ಹ್ಯೂಸ್ಟನ್ ನಿಲ್ದಾಣದಿಂದ ವೆಸ್ಟ್‌ಪೋರ್ಟ್‌ಗೆ ರೈಲಿನಲ್ಲಿ ಸುಮಾರು ಮೂರೂಕಾಲು ಗಂಟೆ. ಅದೇ ಕೊನೆಯ ನಿಲ್ದಾಣವಾದ್ದರಿಂದ ನಿದ್ದೆ ಹೋದರೂ ಚಿಂತೆಯಿಲ್ಲ. ಬ್ಯಾಲಿನಾಗೆ ಹೋಗುವವರು ಮಾತ್ರ ಮನಲ್ಲ ಜಂಕ್ಷನ್‌ನಲ್ಲಿ ರೈಲು ಬದಲಿಸಬೇಕು. ಆ ನಿಲ್ದಾಣ ಇರುವುದೇ ಅಷ್ಟಕ್ಕೆ, ಅಲ್ಲಿಂದ ಹೊರಗೆ ಊರಿಗೆ ಹೋಗುವ ದಾರಿ ಇಲ್ಲ.

ಕೋಣೆ ಕಾದಿರಿಸುವಾಗ ಒಂದು ಎಚ್ಚರಿಕೆ. ವಿಳಾಸದಲ್ಲಿ ‘ಕ್ವೇ’ ಎಂದಿದ್ದರೆ ಅದು ಹಳೆಯ ಬಂದರಿನ ಕಡೆ, ಊರ ನಡುವಿನ ಎಂಟು ಮೂಲೆಯ ಚೌಕ ‘ಆಕ್ಟಗನ್’ನಿಂದ ಸುಮಾರು 2 ಕಿ.ಮೀ. ಸಂಜೆ ಚೆನ್ನಾಗಿರುತ್ತದೆ, ಆದರೆ ರೈಲಿಳಿದು ಚೀಲ ಎಳೆದುಕೊಂಡು ಹೋಗುವ ದೂರವಲ್ಲ. ಆಕ್ಟಗನ್, ಬ್ರಿಜ್ ಸ್ಟ್ರೀಟ್ ಸುತ್ತಮುತ್ತಲಾದರೆ ನಿಲ್ದಾಣ, ಅಂಗಡಿ, ಊಟ ಎಲ್ಲವೂ ನಡಿಗೆಯಲ್ಲೇ ಸಿಗುತ್ತವೆ.

ಹಳ್ಳಿಗಳಿಗೆ ಬಸ್ಸುಗಳಿವೆ, ಆದರೆ ಬೆರಳೆಣಿಕೆಯಷ್ಟು, ಭಾನುವಾರ ಇನ್ನೂ ಕಡಿಮೆ. ಹೋಗುವ ಬಸ್ಸಿಗಿಂತ ಮೊದಲು ವಾಪಸು ಬರುವ ಕೊನೆಯ ಬಸ್ಸಿನ ಹೊತ್ತು ನೋಡಿಕೊಳ್ಳಿ. ಕ್ಲೇರ್ ದ್ವೀಪದ ದೋಣಿ ಹೊರಡುವುದು ಲೂಯಿಸ್‌ಬರ್ಗ್ ಊರಿನಿಂದಲ್ಲ, ಅದರಾಚೆ ಕೆಲವು ಕಿ.ಮೀ. ದೂರದ ರೂನಾ ಧಕ್ಕೆಯಿಂದ. ಬಸ್ಸಿಳಿದು ಪೇಚಾಡುವವರು ಹೆಚ್ಚು. ಮೊದಲೇ ಟ್ಯಾಕ್ಸಿ ಹೇಳಿಟ್ಟಿರಿ.

ವೀಸಾ: ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ಒಕ್ಕೂಟದಲ್ಲಿ ಐರ್ಲೆಂಡ್ ಇಲ್ಲ, ಆ ವೀಸಾ ಇಲ್ಲಿ ನಡೆಯುವುದಿಲ್ಲ. ಭಾರತದ ಪಾಸ್‌ಪೋರ್ಟಿಗೆ ಐರ್ಲೆಂಡಿನದೇ ವೀಸಾ ಬೇಕು.

ಪ್ರಶ್ನೆ: ಗ್ರೇಟ್ ವೆಸ್ಟರ್ನ್ ಗ್ರೀನ್‌ವೇ ಸೈಕಲ್ ದಾರಿಯನ್ನು ಒಂದೇ ದಿನದಲ್ಲಿ ಮುಗಿಸಬಹುದೆ? ನಮಗೆ ದಿನಾ ಸೈಕಲ್ ತುಳಿಯುವ ಅಭ್ಯಾಸವಿಲ್ಲ.
(ಬೆಂಗಳೂರು)

ಉತ್ತರ: ಮುಗಿಸಬಹುದು, ದಿಕ್ಕು ಸರಿಯಾಗಿ ಆರಿಸಿಕೊಂಡರೆ. ವೆಸ್ಟ್‌ಪೋರ್ಟ್‌ನಿಂದ ಅಕಿಲ್‌ವರೆಗೆ 42 ಕಿ.ಮೀ. ಬಹುಪಾಲು 1937ರಲ್ಲಿ ನಿಂತುಹೋದ ರೈಲು ಮಾರ್ಗದ ಮೇಲೆಯೇ ಸಾಗುತ್ತದೆ. ಉಗಿಬಂಡಿಗೆ ಕಡಿದಾದ ಏರು ಹತ್ತಲಾಗುತ್ತಿರಲಿಲ್ಲ, ಹಾಗಾಗಿ ನಿಮ್ಮ ಮೊಣಕಾಲಿಗೂ ಸುಖ. ಕಾಡುವುದು ಏರಲ್ಲ, ಗಾಳಿ. ಅಲ್ಲಿ ಹೆಚ್ಚಿನ ದಿನ ಗಾಳಿ ಬೀಸುವುದು ಪಶ್ಚಿಮ, ನೈಋತ್ಯದ ಕಡಲ ಕಡೆಯಿಂದ. ವೆಸ್ಟ್‌ಪೋರ್ಟ್‌ನಿಂದ ಹೊರಟವರು ದಿನವಿಡೀ ಎದುರುಗಾಳಿಗೆ ತುಳಿದು ಅರ್ಧಕ್ಕೇ ಸುಸ್ತಾಗುತ್ತಾರೆ. ಸೈಕಲ್ ಬಾಡಿಗೆಯವರು ವ್ಯಾನಿನಲ್ಲಿ ನಿಮ್ಮನ್ನೂ ಸೈಕಲನ್ನೂ ಅಕಿಲ್‌ಗೆ ಬಿಡುತ್ತಾರೆ. ಬೆಳಿಗ್ಗೆಯ ವ್ಯಾನಿಗೆ ಹಿಂದಿನ ದಿನವೇ ಹೆಸರು ಬರೆಸಿ, ಅಲ್ಲಿಂದ ಇತ್ತ ತುಳಿಯಿರಿ. ಗಾಳಿಯೇ ತಳ್ಳಿಕೊಂಡು ಬರುತ್ತದೆ.

ಅಕಿಲ್‌ನಿಂದ ಮಲ್ರಾನಿಗೆ 13 ಕಿ.ಮೀ., ಅಲ್ಲಿಂದ ನ್ಯೂಪೋರ್ಟ್‌ಗೆ 18, ಕೊನೆಗೆ 11. ನಡುವಿನ 18ರಲ್ಲಿ ಅಂಗಡಿ ಸಿಗುವ ಭರವಸೆಯಿಲ್ಲ; ನೀರು, ತಿನಿಸು ಮಲ್ರಾನಿಯಲ್ಲೇ ತುಂಬಿಕೊಳ್ಳಿ. ದನ ದಾಟದಂತೆ ನೆಲಕ್ಕೆ ಹಾಕಿದ ಕಬ್ಬಿಣದ ಸರಳುಗಳು ಸಿಕ್ಕಲ್ಲಿ ಹ್ಯಾಂಡಲ್ ನೇರ ಹಿಡಿದು ದಾಟಿ. ಮಳೆ ಬಿದ್ದ ಮೇಲೆ ಓರೆಯಾಗಿ ಹೋದರೆ ಚಕ್ರ ಜಾರುತ್ತದೆ. ತೆರೆದ ಗೇಟನ್ನು ಮುಚ್ಚಿಯೇ ಮುಂದೆ ಹೋಗಿ, ಆಚೆ ಮೇಯುವುದು ಯಾರದೋ ಕುರಿ. ನ್ಯೂಪೋರ್ಟ್‌ನಲ್ಲಿ ಏಳು ಕಮಾನಿನ ಹಳೆಯ ರೈಲು ಸೇತುವೆ ಇದೆ, ಒಮ್ಮೆ ಇಳಿದು ಅದರ ಮೇಲೆ ನಡೆಯಿರಿ. ಸುಸ್ತಾದರೆ ಅಲ್ಲಿಗೇ ನಿಲ್ಲಿಸಿದರೂ ಸಿಗದೆ ಹೋದದ್ದೇನೂ ಹೆಚ್ಚಿಲ್ಲ.

ಪ್ರಶ್ನೆ: ನಾವು ಗಾಲ್ವೇಯಲ್ಲಿದ್ದೇವೆ, ಕಾರಿದೆ. ಮೇಯೋ ಹಳ್ಳಿಗಳಲ್ಲಿ ಫೋನಿನ ನಕ್ಷೆ ನಂಬಿ ಎರಡು ಸಲ ದಾರಿ ತಪ್ಪಿದೆವು. ಏನು ಉಪಾಯ?
(ಗಾಲ್ವೇ)

ಉತ್ತರ: ಊರ ಹೆಸರನ್ನು ಮಾತ್ರ ಕೊಡಬೇಡಿ. ಬ್ಯಾಲಿಕಾಸಲ್ ಮೇಯೋದಲ್ಲೊಂದು, ಉತ್ತರ ಐರ್ಲೆಂಡಿನ ಆಂಟ್ರಿಮ್‌ನಲ್ಲೊಂದು. ನ್ಯೂಪೋರ್ಟ್ ಟಿಪ್ಪರರಿಯಲ್ಲೂ ಇದೆ. ಹಳ್ಳಿ ಮನೆಗಳಿಗೆ ಸಾಮಾನ್ಯವಾಗಿ ಸಂಖ್ಯೆಯೂ ಇರುವುದಿಲ್ಲ. ಐರ್‌ಕೋಡ್ ಕೇಳಿ ಪಡೆಯಿರಿ: ಏಳು ಅಕ್ಷರ-ಅಂಕಿಗಳ ಇದು ವಿಳಾಸಕ್ಕೊಂದರಂತೆ ಪ್ರತ್ಯೇಕ. ವೆಸ್ಟ್‌ಪೋರ್ಟ್ ಕಡೆಯದು ಎಫ್28ರಿಂದ ಶುರುವಾಗುತ್ತದೆ.

ಫಲಕಗಳಲ್ಲಿ ಮೇಲೆ ವಾಲಿದ ಅಕ್ಷರದ ಐರಿಶ್ ಹೆಸರು, ಕೆಳಗೆ ಕ್ಯಾಪಿಟಲ್ ಅಕ್ಷರದ ಇಂಗ್ಲಿಷ್. ಆದರೆ ಬೆಲ್‌ಮಲೆಟ್ ಕಡೆಯ ಐರಿಶ್ ಭಾಷಿಕ ಸೀಮೆಗೆ ಕಾಲಿಟ್ಟರೆ ಇಂಗ್ಲಿಷ್ ಮಾಯ. ಹೊರಡುವ ಮುನ್ನ ಐರಿಶ್ ಹೆಸರನ್ನೂ ಬರೆದಿಟ್ಟುಕೊಳ್ಳಿ. ‘ಬ್ಯಾಲಿ’ ಎಂದರೆ ನಮ್ಮ ‘ಹಳ್ಳಿ’ ಎಂದು ಹೇಳುವುದುಂಟು, ಯಾವಾಗಲೂ ಹಾಗಲ್ಲ. ಬ್ಯಾಲಿನ್‌ರೋಬ್ ಎಂದರೆ ರೋಬ್ ಹೊಳೆಯ ಊರು ಹೌದು, ಬ್ಯಾಲಿನಾದ್ದು ಮಾತ್ರ ‘ಹೊಳೆ ದಾಟುವ ಜಾಗದ ಬಾಯಿ’ ಎಂಬ ಬೇರೆಯೇ ಮಾತು. (ನಮ್ಮ ಪತ್ರಿಕೆಗಳ ‘ಬಾಯ್ಕಾಟ್’ ಹುಟ್ಟಿದ್ದೂ ಬ್ಯಾಲಿನ್‌ರೋಬ್ ಪಕ್ಕದಲ್ಲೇ: 1880ರಲ್ಲಿ ಗೇಣಿದಾರರು ಚಾರ್ಲ್ಸ್ ಬಾಯ್ಕಾಟ್ ಎಂಬ ಜಮೀನು ಏಜೆಂಟನ ಕೆಲಸಕ್ಕೆ ಹೋಗುವುದನ್ನೇ ನಿಲ್ಲಿಸಿದರು.)

ನಕ್ಷೆ ‘ಹತ್ತಿರದ ದಾರಿ’ ಎಂದು ‘ಎಲ್’ ಅಕ್ಷರದ (ಸ್ಥಳೀಯ) ರಸ್ತೆಗೆ ತಿರುಗಿಸಿದರೆ ಒಪ್ಪಬೇಡಿ. ‘ಎನ್’ (ರಾಷ್ಟ್ರೀಯ) ಅಥವಾ ‘ಆರ್’ (ಪ್ರಾದೇಶಿಕ) ರಸ್ತೆ ಹಿಡಿಯಿರಿ. ನಡುವೆ ಹುಲ್ಲು ಬೆಳೆದ ಒಂಟಿ ಕಾರಿನ ಓಣಿಯಲ್ಲಿ ಎದುರು ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ಹೋಗಬೇಕಾದವರು ನೀವೇ. ದಾರಿ ಬಿಟ್ಟವರಿಗೆ ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿದರೆ ಸಾಕು, ಅದೇ ಅಲ್ಲಿನ ನಮಸ್ಕಾರ.

ಪ್ರಶ್ನೆ: ಅರ್ಧ ದಿನ ಮಾತ್ರ ಇದೆ. ಕಾಂಗ್ ಹಳ್ಳಿಗೆ ಹೋಗಬಹುದೆ?
(ಹುಬ್ಬಳ್ಳಿ)

ಉತ್ತರ: ಹೋಗಿ, ಆದರೆ ಎಲ್ಲರೂ ಹೋಗುವ ಕೋಟೆಯ ಹೋಟೆಲಿಗೆ ಮೊದಲು ಓಡಬೇಡಿ. 12ನೇ ಶತಮಾನದ ಮಠದ ಹಿಂದೆ ಹೊಳೆಯ ಮೇಲೆ ಕಲ್ಲಿನ ಪುಟ್ಟ ಮನೆಯೊಂದಿದೆ. ನೆಲದಲ್ಲಿ ಚೌಕ ಕಿಂಡಿ. ಸನ್ಯಾಸಿಗಳು ಅದರೊಳಗಿಂದ ಬಲೆ ಇಳಿಬಿಟ್ಟು ಮೀನು ಹಿಡಿಯುತ್ತಿದ್ದರು. ಆಮೇಲೆ ಒಣ ಕಾಲುವೆ ಕೇಳಿಕೊಂಡು ಹೋಗಿ. ಬರಗಾಲದ ಕಾಲದಲ್ಲಿ, 1848ರಲ್ಲಿ, ಮಾಸ್ಕ್ ಮತ್ತು ಕಾರಿಬ್ ಸರೋವರಗಳನ್ನು ಜೋಡಿಸಲು ತೋಡಿದ್ದು. ಅಡಿಯಲ್ಲಿರುವುದು ಸುಣ್ಣಕಲ್ಲು, ತೂತು ಬಿದ್ದ ಕೊಡದಂಥದ್ದು. ನೀರು ನಿಲ್ಲಲೇ ಇಲ್ಲ. 1854ರಲ್ಲಿ ಕೆಲಸ ಕೈಬಿಟ್ಟರು. ಕೆತ್ತಿದ ಕಲ್ಲಿನ ಗೋಡೆ ಇಂದಿಗೂ ಗಟ್ಟಿ. ಬೇಸಿಗೆಯಲ್ಲಿ ನೋಡಿದರೆ ತಳದಲ್ಲಿ ಹುಲ್ಲು, ಚಳಿಗಾಲದಲ್ಲಿ ಬಂದರೆ ನೀರಿದ್ದೀತು; ಮೊದಲನೆಯದೇ ನೋಡಲು ಚೆಂದ.