ಅಂಡರ್ 16ರಲ್ಲಿ 11 ಗೋಲ್ ಹೊಡೆದ ಮಗನ ವಿಷಯ

ಅಣ್ಣಾ, ಮಗ ಅಂಡರ್ 16 ಹಾಕಿಯಲ್ಲಿ 11 ಗೋಲ್ ಹೊಡೆದರೂ ಕ್ಯಾಂಪಿನಲ್ಲಿ ಮುಂದಿನ ಸಾಲು ಬಿಡಿಸಿ ಮಧ್ಯದ ಸಾಲಿನ ಹಾಫ್‌ಗೆ ಹಾಕಿದರು, ಅದಕ್ಕೆ ಅಲ್ಲಿಂದ ಬಿಡಿಸಿ ಪೆನಾಲ್ಟಿ ಕಾರ್ನರಿನಲ್ಲಿ ಬಾಲನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿಗೆ ಎಸೆಯುವ ಡ್ರ್ಯಾಗ್ ಫ್ಲಿಕ್ ದಿನಕ್ಕೆ 150 ಹೊಡೆಸುತ್ತೇನೆ ಅಂತ ಬರೆದಿದ್ದೀರಿ. ಓದಿ ಎದೆ ಧಸಕ್ ಅಂದಿತು. ಕೋಪ ಬೇಡ, ಸ್ವಲ್ಪ ಬೈಯುತ್ತೇನೆ. ಈ ತಪ್ಪು ಮಾಡಿ ಕೆಟ್ಟವನು ನಾನು.

16ಕ್ಕೆ ನಾನು ಜೊತೆಯವರೆಲ್ಲರಿಗಿಂತ ಎತ್ತರ. ಬಾಲ್ ಮುಂದೆ ತಳ್ಳಿ ಓಡಿದರೆ ಹಿಡಿಯುವವರಿಲ್ಲ. ಹಾಫ್ ಆಡು ಅಂದಾಗ ಮುಖ ಊದಿಸಿಕೊಂಡು ಮನೆಗೆ ಬಂದೆ. 19ಕ್ಕೆ ಸೀನಿಯರ್ ಟ್ರಯಲ್ಸ್. ಟರ್ಫಿಗೆ, ಅಂದರೆ ಕೃತಕ ಹುಲ್ಲಿನ ಮೈದಾನಕ್ಕೆ, ನೀರು ಹೊಡೆದಿದ್ದರು. ಮೊದಲ ಪಾಸ್ ಸ್ಟಿಕ್‌ಗೆ ಬಡಿದು ಎರಡು ಮೀಟರ್ ಆಚೆ ಹೋಯಿತು. ಎರಡನೆಯದೂ ಹಾಗೇ. ಓಟವೇನು, ಅಲ್ಲಿ ಎಲ್ಲರಿಗೂ ಇತ್ತು. ಡಿಫೆಂಡರ್ ಮೈ ಮುಟ್ಟದೆ ನನ್ನನ್ನು ಸೈಡ್‌ಲೈನ್ ಕಡೆಗೆ ಎಮ್ಮೆ ಅಟ್ಟಿದ ಹಾಗೆ ಅಟ್ಟಿದ. ಹದಿನೈದು ನಿಮಿಷ, ಹೊರಗೆ.

ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಓಟಕ್ಕೇ ಹೆಸರಾದವರು. ಬರೀ ಓಟವಾಗಿದ್ದರೆ 2012, 2016 ಎರಡು ಒಲಿಂಪಿಕ್ಸ್ ಆಡುತ್ತಿದ್ದರಾ? 2016ರಲ್ಲಿ ಲಕ್ನೋದಲ್ಲಿ ಜೂನಿಯರ್ ವರ್ಲ್ಡ್ ಕಪ್ ಗೆದ್ದ ತಂಡದ ಕ್ಯಾಪ್ಟನ್ ಹರ್ಜೀತ್ ಸಿಂಗ್. ಸೀನಿಯರ್ ತಂಡದಲ್ಲಿ ಅವರು ನೆಲೆ ನಿಲ್ಲಲಿಲ್ಲ. ಅದೇ ತಂಡದ ಹರ್ಮನ್‌ಪ್ರೀತ್ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕ್ಯಾಪ್ಟನ್, 10 ಗೋಲ್, ಕಂಚು. 'ಅವರು ಡ್ರ್ಯಾಗ್ ಫ್ಲಿಕರ್ ಅಲ್ವಾ' ಅನ್ನುತ್ತೀರಿ. ಹೌದು, ಜೊತೆಗೆ ಡಿಫೆಂಡರ್. ಪೆನಾಲ್ಟಿ ಕಾರ್ನರ್ ಸಿಗದ ಹೊತ್ತಿನಲ್ಲೂ ಆಡಬೇಕಲ್ಲ. ಹಣೆಬರಹವೂ ಇದೆ ಬಿಡಿ. 2001ರಲ್ಲಿ ಹೋಬಾರ್ಟಿನಲ್ಲಿ ಗೆದ್ದ ಜೂನಿಯರ್ ತಂಡದಲ್ಲಿ ನಮ್ಮ ಅರ್ಜುನ್ ಹಾಲಪ್ಪ ಇದ್ದರು, ಅಥೆನ್ಸ್ ಒಲಿಂಪಿಕ್ಸಿಗೂ ಹೋದರು. ಅದೇ ತಂಡದ ಜುಗ್‌ರಾಜ್ ಎಂಥ ಫ್ಲಿಕರ್! 2003ರಲ್ಲಿ ಕಾರ್ ಅಪಘಾತ, ಭಾರತ ತಂಡದ ಆಟ ಅಲ್ಲಿಗೇ ಮುಗಿಯಿತು.

ನಾನು ತಡವಾಗಿ ಕಲಿತದ್ದು ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ. ಮಳೆಗಾಲದಲ್ಲಿ ಕಣ ಖಾಲಿ. ಒದ್ದೆ ಸಿಮೆಂಟಿನ ಮೇಲೆ ಬಾಲ್ ಹೆಚ್ಚುಕಡಿಮೆ ಟರ್ಫಿನ ಹಾಗೇ ಜಾರುತ್ತದೆ. ಗೋಡೌನ್ ಗೋಡೆಗೆ ಹೊಡೆದು, ವಾಪಸ್ ಬರುವಷ್ಟರಲ್ಲಿ ಒಮ್ಮೆ ಹೆಗಲ ಹಿಂದೆ ನೋಡಬೇಕು, ಆಮೇಲೆ ಅರ್ಧ ತಿರುಗಿ ಓಡುತ್ತಲೇ ಹಿಡಿಯಬೇಕು. ಬೆಳಗ್ಗೆ 100, ಸಂಜೆ 100, ಅರ್ಧ ರಿವರ್ಸಿನಲ್ಲಿ, ಅಂದರೆ ಸ್ಟಿಕ್ ತಿರುಗಿಸಿ ಎಡಗಡೆ. ಪಾಚಿ ಕಟ್ಟಿದ್ದರೆ ಮೊದಲು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಇಲ್ಲದಿದ್ದರೆ ಮೊಣಕಾಲು ಹೋಗುತ್ತದೆ. ಹಳೇ ಸ್ಟಿಕ್ಕೇ ಇರಲಿ, ಸಿಮೆಂಟು ತುದಿಯನ್ನು ತಿಂದುಹಾಕುತ್ತದೆ.

ಸ್ಟಿಕ್ ಅಂದಾಗ ನೆನಪಾಯಿತು. 95 ಪರ್ಸೆಂಟ್ ಕಾರ್ಬನ್, ಲೋ ಬೋ (ಬಾಗು ಕೆಳಗಡೆ ಇರುವುದು) ಅಂತ ದುಡ್ಡು ಸುರಿಯಬೇಡಿ. ಅಷ್ಟು ಗಟ್ಟಿ ಸ್ಟಿಕ್‌ಗೆ ಬಾಲ್ ಪುಟಿದು ಹೋಗುತ್ತದೆ, ಟ್ರ್ಯಾಪ್, ಅಂದರೆ ಬಾಲ್ ಹಿಡಿದು ನಿಲ್ಲಿಸುವುದು, ಕಲಿಯುವವನಿಗೆ ಅದು ಶತ್ರು. ಹುಡುಗರಿಗೆ ಕಾರ್ಬನ್ ಕಮ್ಮಿ ಇರುವ, ಬಾಗು ನಡುವೆ ಇರುವ ಮಿಡ್ ಬೋ ರಕ್ಷಕ್ ಕಂಪನಿ ಸ್ಟಿಕ್ ಸಾಕು ಅನ್ನುವವನು ನಾನು. ಗ್ರೇಸ್ ಕಂಪನಿಯದು ಒಳ್ಳೆಯದೇ, ಆದರೆ ಈಗಲೇ ಬೇಡ.

ಡ್ರ್ಯಾಗ್ ಪೂರ್ತಿ ಬಿಡಿ ಅನ್ನುತ್ತಿಲ್ಲ. ಬೆಳೆಯುವ ಬೆನ್ನು, ದಿನಾ 150 ಸಲ ತಿರುಚಿದರೆ ತಡೆಯಲ್ಲ. ವಾರಕ್ಕೆ ಎರಡು ದಿನ, ಸಲಕ್ಕೆ 20-25 ಹೊಡೆದರೆ ಧಾರಾಳ ಸಾಕು. ಸೊಂಟ ನೋವು ಅಂದರೆ ಸ್ಪ್ರೇ ಹೊಡೆದು ಮತ್ತೆ ಆಡಿಸಬೇಡಿ, ಡಾಕ್ಟರಿಗೆ ತೋರಿಸಿ. ಹತ್ತನೇ ಕ್ಲಾಸು ಬಿಡಿಸುವ ಮಾತಂತೂ ಎತ್ತಲೇಬೇಡಿ. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಕ್ಕರೂ ಮಾರ್ಕ್ಸ್ ಕಾರ್ಡ್ ಕೇಳುತ್ತಾರೆ.

ಇನ್ನೊಂದು, ನೀವು ಹಾಕಿದ ಮಗನ ಫೋಟೋ ದೊಡ್ಡದು ಮಾಡಿ ನೋಡಿದೆ. ಬಾಲ್ ಹಿಡಿಯುವಾಗ ಬಲಗೈಯಲ್ಲಿ ಕತ್ತಿ ಹಿಡಿದ ಹಾಗೆ ಬಿಗಿ ಹಿಡಿದಿದ್ದಾನೆ. ಅದು ಸಡಿಲ ಇರಲಿ, ಸ್ಟಿಕ್ ತಿರುಗಿಸುವುದು ಎಡಗೈ. ಇವತ್ತು ಸಂಜೆಯೇ ಹೇಳಿ.